ಕೆಮ್ಮಣ್ಣು ಹಚ್ಚಿದ ತೊಗರಿ

ಆಗ ನನಗ ಒಂಬತ್ತು ವರ್ಷ. ಅದಾಗಿ ಅರವತ್ತು ವರ್ಷ ಆಗಿಹೋದವು. ಆ ಕಾಲದಾಗ ಬ್ಯಾಳಿ ಸಂತ್ಯಾಗ ಸಿಗುತಿದ್ದಿಲ್ಲ ಅಂತಲ್ಲ. ದೇವದುರ್ಗದ ಸಂತ್ಯಾಗ ರಾಶಿ ಹಾಕಿ ಮಾರುತಿದ್ದರು. ಆದ್ರ ಬ್ಯಾಳಿ ಕೊಂಡು ತರೋ ಹೆಂಗಸಿಗೆ ನಮ್ಮೂರಾಗ ಮರ್ಯಾದಿ ಇದ್ದಿಲ್ಲ. ಕೈಯಾಗ ಕಸುವಿಲ್ಲದಾಕಿ ಅಂತಿದ್ದರು. ತೊಗರಿ ಹೊಲದಾಗ ಬೆಳಿಬೇಕು, ಬ್ಯಾಳಿ ಮನ್ಯಾಗ ಆಗಬೇಕು. ನಿಮ್ಮ ಮನ್ಯಾಗೂ ಹಂಗಾ ಇದ್ದೀತು. ಬೀಸುಕಲ್ಲಿನ ಸಪ್ಪಳಕ್ಕ ಎದ್ದವರು ನೀವೂ ಇದ್ದೀರಿ.

ನಮ್ಮವ್ವ ಬ್ಯಾಳಿ ಮಾಡೋದ್ರಾಗ ಹೆಸರಾದಾಕಿ. ನಮ್ಮ ಮನಿದಷ್ಟೇ ಅಲ್ಲ, ಗೌಡರ ಮನಿ ಬ್ಯಾಳಿನೂ ಆಕಿನೇ ಮಾಡಿಕೊಡುತಿದ್ದಳು. ಮುಂಜಾನಿ ತೊಗರಿ ನೆನಿ ಹಾಕೋದು, ಮಧ್ಯಾನಕ್ಕ ಬುಟ್ಟ್ಯಾಗ ಬಸಿಯೋದು, ಕೆಮ್ಮಣ್ಣು ಕಲಸಿ ಕಾಳಿಗೆ ತಿಕ್ಕೋದು. ಆಮ್ಯಾಲ ಗುಂಪಿ ಹಾಕಿ ಮ್ಯಾಲ ಗೋಣಿತಟ್ಟು ಮುಚ್ಚಿ ಒಂದು ರಾತ್ರಿ ಬಿಡೋದು. ಒಳಗ ಕಾವು ಏರಿ ಸಿಪ್ಪಿ ಸಡಿಲ ಆಗುತದ. ಮರುದಿನದಿಂದ ಮಾಳಗಿ ಮ್ಯಾಲ ಹರವಿ ಬಿಸಿಲಿಗೆ ಬಿಡೋದು, ಸಂಜಿಕ ಮತ್ತ ಗುಂಪಿ ಮಾಡಿ ಮುಚ್ಚೋದು. ಹಲ್ಲಿಗಿ ಹಾಕಿದ್ರ ಕಟಕ್ ಅನ್ನಬೇಕು, ಆಗ ಬೀಸುಕಲ್ಲಿಗೆ. ಕೂಲಿ ಅಂದ್ರ ನುಚ್ಚು ಮತ್ತ ಹೊಟ್ಟು. ನುಚ್ಚು ನಮಗ, ಹೊಟ್ಟು ಎಮ್ಮಿಗ.

ಈ ಕೆಲಸಕ್ಕ ಒಂದು ಕಟ್ಟಳಿ ಇತ್ತು. ಯಾರೂ ಬರದಿಟ್ಟದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ಮಣ್ಣು ಹಚ್ಚಿದ ಮ್ಯಾಲ ಕಾಳು ಕೆಟ್ಟರ ಅದು ಮಣ್ಣು ಹಚ್ಚಿದ ಕೈಯಿಂದ ಕೆಟ್ಟದ್ದು. ಕೆಟ್ಟ ಕಾಳು ಆ ಕೈಯವರು ಇಟಗೋಬೇಕು, ಅಷ್ಟೇ ಚೊಲೋ ಕಾಳು ತಮ್ಮ ಮನಿದು ಅಳದು ಕೊಡಬೇಕು. ನಮ್ಮವ್ವಗ ಅದುವರಿಗೂ ಒಂದು ಸಲನೂ ಹಂಗ ಕೊಡೋ ಪಾಳಿ ಬಂದಿದ್ದಿಲ್ಲ. ಅದಕ್ಕ ಆಕಿಗಿ ಸ್ವಲ್ಪ ಸೊಕ್ಕೂ ಇತ್ತು.

ನನಗ ಒಬ್ಬಾಕಿ ತಂಗಿ. ದುರಗಿ ಅಂತ. ಐದು ವರ್ಷದಾಕಿ. ಆ ಚಳಿಗಾಲ ಮುಗಿಯೋದ್ರಾಗ ಆಕಿ ಸತ್ತಳು. ಅದನ್ನ ಮೊದಲೇ ಹೇಳಿಬಿಡತೀನಿ, ಕಡೀಕ ಹೇಳಿ ನಿಮ್ಮನ್ನ ಅಳಿಸೋ ಆಸಿ ನನಗಿಲ್ಲ.

ಮಾಳಗಿ ಮ್ಯಾಲ ತೊಗರಿ ಹರವಿದಾಗ ಹಕ್ಕಿ ಕಾಯೋದು ದುರಗಿ ಕೆಲಸ. ಒಂದು ತೊಗರಿ ಕಟಗಿ ಇಟಗೊಂಡಿದ್ದಳು, ಅದರ ತುದೀಗೆ ಹರಕ ಅರಿವಿ ಕಟ್ಟಿದ್ದಳು. ಗುಬ್ಬಿ ಬಂದ್ರ ಬಡಿಯೋಕಿನ್ನ ಹೆಚ್ಚು ಅದರ ಜೋಡಿ ಮಾತಾಡತಿದ್ದಳು. ಉಳಿದ ಕೆಮ್ಮಣ್ಣು ಮಾರಿಗಿ ಬಳಕೊಂಡು ‘ನಾ ದ್ಯಾವ್ರು, ನನಗ ಕಾಯಿ ಒಡಿ’ ಅಂತಿದ್ದಳು. ನಾ ಕಾಯಿ ಬದಲಿ ಆಕಿ ತಲಿಗೊಂದು ಮೊಟಕುತಿದ್ದೆ. ಕೂತಲ್ಲೇ ಕಾಳು ಬಾಯಾಗ ಹಾಕೋತಿದ್ದಳು.

‘ಲೇ, ಹಸಿ ಕಾಳು ತಿನಬ್ಯಾಡ, ನಿನ್ನ ಮದಿವ್ಯಾಗ ಮಳಿ ಬರತದ’ ಅಂತ ನಮ್ಮ ಆಯಿ ಕೆಳಗಿಂದ ಬೈತಿದ್ದಳು. ಆಯಿ ಅಂದ್ರ ನಮ್ಮಪ್ಪನ ಅವ್ವ.

‘ಬರಲಿ ಬಿಡು ಆಯಿ, ಛತ್ರಿ ಹಿಡಕೊಂಡು ಕುಂದರತೀನಿ.’

‘ಗಂಡನ್ನ ಯಾರು ಹಿಡೀತಾರ?’

‘ಅವ ನೆನೀಲಿ.’

ಆ ವರ್ಷ ಗೌಡರ ಮನ್ಯಾಗ ಮದಿವಿ ಇತ್ತು. ಎಳ್ಳಮಾಸಿ ಹಬ್ಬ ಮುಗಿದು ತೊಗರಿ ರಾಶಿ ಆಗಿತ್ತು. ಗೌಡರ ಆಳು ಬಂಡ್ಯಾಗ ಚೀಲ ತಂದು ನಮ್ಮ ಪಡಸಾಲ್ಯಾಗ ಇಳಿಸಿ ಹೋದ. ಆ ತೊಗರಿ ಕಣದಾಗ ಒಮ್ಮಿ ಮಳಿಗಿ ಸಿಕ್ಕಿತ್ತು ಅನ್ನೋದು ನಮಗ ಯಾರೂ ಹೇಳಲಿಲ್ಲ. ಮ್ಯಾಲ ಒಣಗಿತ್ತು. ಅವ್ವ ಎಂದಿನಂಗ ನೆನಿ ಹಾಕಿದಳು, ಮಣ್ಣು ಹಚ್ಚಿದಳು, ಗುಂಪಿ ಹಾಕಿ ಮುಚ್ಚಿದಳು.

ಮರುದಿನ ಹೊತ್ತು ಮೂಡಲಿಲ್ಲ. ಮೋಡ ಹಾಸಿತ್ತು. ಸಮುದ್ರದ ಕಡಿ ಏನೋ ಎದ್ದದಂತ, ಅದಕ್ಕ ಹಿಂಗ ಅಂತ ರಾಯಚೂರಿಗಿ ಹೋಗಿ ಬಂದವರು ಅಂದರು. ಜಿಟಿಜಿಟಿ ಮಳಿ. ನಮ್ಮ ಕಡಿ ಮಳಿ ಬೇಕಂದಾಗ ಬರಂಗಿಲ್ಲ, ಬ್ಯಾಡಂದಾಗ ಹೊಸ್ತಿಲ ಬಿಟ್ಟು ಹೋಗಂಗಿಲ್ಲ. ಗೋಣಿತಟ್ಟು ತೆಗದು ಪಡಸಾಲ್ಯಾಗ ಹರವೋಣ ಅಂದ್ರ ಜಾಗ ಇಲ್ಲ. ಅರ್ಧ ಜಾಗ ಎಮ್ಮಿದು. ಅವ್ವ ಒಲಿ ಮುಂದ ಸ್ವಲ್ಪ, ಹಾಸಿಗಿ ಮ್ಯಾಲ ಸ್ವಲ್ಪ ಹರವಿದಳು. ನಾವು ತೊಗರಿ ನಡುವ ಮಲಗಿದಿವಿ. ಉಳಿದದ್ದು ಗುಂಪ್ಯಾಗೇ ಇತ್ತು. ಕೈ ಒಳಗ ಹಾಕಿದ್ರ ಜ್ವರ ಬಂದ ಮನಿಷ್ಯಾನ ಬಗಲಿನಂಗ ಬಿಸಿ.

ಆಮ್ಯಾಲ ವಾಸನಿ ಬಂತು. ಮೊದಲು ಹಸಿ ಮಣ್ಣಿಂದು, ಚೊಲೋ ಇತ್ತು. ಮರುದಿನ ಹುಳಿ ಹುಳಿ. ಅದರ ಮರುದಿನ ಮುಗ್ಗಿದ ವಾಸನಿ, ಹಳೀ ಕೌದಿ ಒದ್ದಿ ಆದ್ರ ಬರತದಲ್ಲ, ಹಂಗ. ಅವ್ವ ತಟ್ಟು ಎತ್ತಿದಳು. ಕಾಳಿನ ಮ್ಯಾಲ ಬೂಜು ಬಂದಿತ್ತು. ಬಿಳಿದು, ಹಸರಂದು, ಅಲ್ಲಲ್ಲಿ ಹಳದಿ. ದುರಗಿ ಬೆರಳ ಇಟ್ಟು ‘ಅವ್ವಾ, ತೊಗರಿಗಿ ತುಪ್ಪಳ ಬಂದಾವ’ ಅಂದಳು. ಅವ್ವ ಆಕಿ ಕೈಗೆ ಒಂದು ಹೊಡದಳು. ಅವ್ವ ಸುಮ್ಮಸುಮ್ಮನ ಹೊಡಿಯಾಕಿ ಅಲ್ಲ.

ಗೌಡಸಾನಿ ತಾನೇ ಬಂದಳು, ಮದಿವಿ ಬ್ಯಾಳಿ ಎಲ್ಲಿಗೆ ಬಂತು ಅಂತ ನೋಡಾಕ. ಆಕಿ ಕೆಟ್ಟಾಕಿ ಏನಲ್ಲ. ಒಂದು ಮುಷ್ಟಿ ತಗೊಂಡು ಮೂಗಿಗಿ ಹಿಡದು ಇಳಿಸಿದಳು.

‘ಏನಬೇ ಇದು?’

‘ಹೊತ್ತು ಮೂಡವಲ್ದು ಯವ್ವಾ. ಬಿಸಿಲು ಬಿದ್ರ ಸರಿ ಆಗತದ.’

‘ಮದಿವಿ ಮಂದಿಗಿ ಇದನ್ನ ಉಣ್ಣಸಲೇನು? ಬೀಗರು ಎದ್ದು ಹೋಗತಾರ.’

‘ನಿಮಗ ಯಾಕ ಕೆಟ್ಟದ್ದು ಕೊಡಲಿ? ನಮ್ಮ ಗುಮ್ಮ್ಯಾಗಿಂದು ಕೊಡತೀನಿ. ಚೊಲೋ ಒಣಗ್ಯದ.’

ಗೌಡಸಾನಿ ಕೈ ಸೆರಗಿಗಿ ಒರಸಿದಳು. ‘ನಿನಗ ವರ್ಷಕ್ಕ ಏನ್ ಉಳಿತದ?’ ಅಂದಳು. ಕೇಳಿದಳು ಅಷ್ಟೇ. ಬ್ಯಾಡ ಅನಲಿಲ್ಲ. ಅವ್ವ ಗೋಣಿತಟ್ಟಿನ ಕಡಿ ಕೈ ಮಾಡಿ ‘ಇದು ಉಳಿತದಲ್ಲ’ ಅಂದಳು.

ಅಂದೇ ಕಾಳು ತುಂಬಿಡೋ ಗುಮ್ಮಿ ಖಾಲಿ ಆತು. ವರ್ಷಕ್ಕಂತ ಇಟ್ಟ ತೊಗರಿ, ಬಿಸಿಲು ಕಂಡ ತೊಗರಿ, ಅಳದು ಕೊಟ್ಟಳು. ಗೌಡರ ಮನಿಯವರು ಅದನ್ನ ಬ್ಯಾರೆ ಊರಿಗಿ ಕಳಿಸಿ ಬ್ಯಾಳಿ ಮಾಡಿಸಿಕೊಂಡರು. ಮದಿವಿ ಚೊಲೋ ಆತಂತ. ಬ್ಯಾಳಿ ಹೋಳಿಗಿ ಮಾಡಿದ್ದರು, ನಮಗೂ ಕಳಿಸಿದ್ದರು, ತಿಂದಿವಿ.

ಬೂಜು ಹತ್ತಿದ್ದು ನಮ್ಮ ಪಾಲಿಗೆ ಉಳೀತು. ಅಪ್ಪ ನೋಡಿ ‘ತಿಪ್ಪಿಗಿ ಹಾಕು’ ಅಂದ. ಆ ಮನ್ಯಾಗ ಒಂದು ಬುದ್ಧಿ ಮಾತು ಆಡಿದವ ಅವನೊಬ್ಬನೇ, ಅದೂ ಸಿಟ್ಟಿಗೆ ಆಡಿದ್ದು. ಆಯಿ ಬಿಡಲಿಲ್ಲ.

‘ಭೂಮಿತಾಯಿ ಕೊಟ್ಟದ್ದು ತಿಪ್ಪಿಗಿ ಹಾಕಿದ್ರ ಮುಂದಿನ ವರ್ಷ ತಿಪ್ಪ್ಯಾಗೇ ಆರಿಸಿ ತಿನಬೇಕಾಗತದ. ತೊಳದ್ರ ಹೋಗತದ. ನನ್ನತ್ತಿ ಕಾಲದಾಗ ನೆಲದಾಗಿನ ಹಗೇವಿನ ಜ್ವಾಳ ಕರ್ರಗಾಗಿದ್ದು ತಿಂದೀವಿ, ಏನಾಗ್ಯದ ನನಗ?’

ಹೌದು, ಆಕಿಗಿ ಏನೂ ಆಗಿದ್ದಿಲ್ಲ. ಆಕಿ ಜೋಡಿ ತಿಂದವರು ಎಷ್ಟು ಮಂದಿ ಉಳಿದ್ರು ಅಂತ ಯಾರೂ ಕೇಳಲಿಲ್ಲ. ಸತ್ತವರು ಬಂದು ಹೇಳಂಗಿಲ್ಲ. ಉಳಿದವರ ಮಾತೇ ಊರಿಗಿ ಶಾಸ್ತ್ರ.

ನಾಕು ನೀರಾಗ ತೊಳದಿವಿ. ನೀರು ಹಸರಗ ಹೋಗಿ ಬೆಳ್ಳಗಾತು. ಬಿಸಿಲು ಬಂದಾಗ ಹರವಿದಿವಿ, ಹೋದಾಗ ಬಳದಿವಿ. ಹಂಚಿನ ಮ್ಯಾಲ ಹುರದಿವಿ. ಬೂಜು ಕಾಣದಂಗ ಆತು. ಒಡದು ಬ್ಯಾಳಿ ಮಾಡಿದ್ರ ಹಳದಿ ಇರೋ ಕಡಿ ಕಂದು ಮಚ್ಚಿ. ಸಾರು ಮಾಡಿದ್ರ ಕಡೀಕ ನಾಲಿಗಿ ಹಿಂದ ಒಂದೀಟು ಕಹಿ ನಿಲ್ಲುತಿತ್ತು. ಅವ್ವ ಹುಣಸಿ ಹಣ್ಣು ಹೆಚ್ಚಿಗಿ ಹಾಕಿದಳು, ಖಾರ ಹೆಚ್ಚಿಗಿ ಹಾಕಿದಳು. ಪುಂಡಿಪಲ್ಯದಾಗ ಹಾಕಿದ್ರ ಕಹಿ ಗೊತ್ತೇ ಆಗುತಿದ್ದಿಲ್ಲ. ಜ್ವಾಳದ ರೊಟ್ಟಿ ಜೋಡಿ ತಿಂದಿವಿ. ಚೊಲೋನೇ ಇತ್ತು. ಸುಳ್ಳು ಯಾಕ ಹೇಳಲಿ.

ಮೊರದಾಗ ಕೇರಿ ಒಗದ ಕೆಟ್ಟ ನುಚ್ಚು ಕೋಳಿ ತಿಂದವು. ಎರಡು ಕೋಳಿ ಕುತ್ತಿಗಿ ಇಳಿಬಿಟ್ಟು ಮೂಲ್ಯಾಗ ಕುಂತವು, ಸತ್ತವು. ಕೋಳಿಗಿ ಬ್ಯಾನಿ ಬಂದದ ಅಂದಳು ಆಯಿ. ಊರಾಗ ಬ್ಯಾರೆ ಯಾರ ಕೋಳಿಗೂ ಬಂದಿದ್ದಿಲ್ಲ.

ಆಮ್ಯಾಲ ದುರಗಿ. ಕಾಳು ಆರಿಸುವಾಗ, ಹುರಿಯುವಾಗ, ಕಾಯುವಾಗ, ಎಲ್ಲಾ ಹೊತ್ತಿಗೂ ಆಕಿ ಬಾಯಾಗ ಕಾಳು ಇರುತಿತ್ತು. ಮೊದಲು ಉಣ್ಣೋದು ಬಿಟ್ಟಳು. ಹೊಟ್ಟಿ ನೂಸತದ ಅಂದಳು. ಮೈ ಬಣ್ಣ ತಿರುಗಿದ್ದು ನಮಗ ತಿಳೀಲೇ ಇಲ್ಲ. ಮಣ್ಣು, ಬ್ಯಾಳಿ ಧೂಳು ಮೈಮ್ಯಾಲ ಹಾಕೊಂಡು ತಿರುಗೋ ಹುಡುಗಿ, ಹಳದಿ ಕಂಡ್ರ ಬ್ಯಾಳಿ ಧೂಳು ಅಂದಿವಿ. ಅವ್ವ ಜಳಕ ಮಾಡಸಾಕ ಕುಂದರಿಸಿ ಕಲ್ಲಿನಿಂದ ತಿಕ್ಕಿದಳು. ತಿಕ್ಕಿದಳು, ತಿಕ್ಕಿದಳು, ಹೋಗಲಿಲ್ಲ. ದುರಗಿ ಅತ್ತಾಗ ಅವ್ವ ಆಕಿ ಕಣ್ಣು ನೋಡಿದಳು. ಕಣ್ಣಿನ ಬಿಳಿದೂ ಹಳದಿ ಆಗಿತ್ತು. ಕಣ್ಣಾಗ ಬ್ಯಾಳಿ ಧೂಳು ಹತ್ತಂಗಿಲ್ಲ. ಅವ್ವ ಕಲ್ಲು ಕೆಳಗ ಇಟ್ಟಳು.

ಕಾಮಣಿ ಅಂದಳು ಆಯಿ. ಕಾಮಣಿಗಿ ಮಾನ್ವಿ ದಾರ್ಯಾಗ ಒಂದು ಹಳ್ಳ್ಯಾಗ ಔಷದ ಹಾಕೋ ಮುದುಕ ಇದ್ದ. ಅಪ್ಪ ಕೂಸಿನ್ನ ಹೆಗಲ ಮ್ಯಾಲ ಹೊತ್ತ, ನಾ ಬುತ್ತಿ ಗಂಟು ಹೊತ್ತೆ. ಒಂದೀಟು ಬಂಡಿ ಸಿಕ್ಕಿತು, ಉಳಿದದ್ದು ನಡಕೊಂತ ಹೋದಿವಿ. ಕಾಲಿವಿ ಕಡಿ ಹೊಲ ಎಲ್ಲಾ ಹಸರಗ ಭತ್ತ. ದುರಗಿ ಅಪ್ಪನ ತಲಿ ಹಿಡಕೊಂಡು ‘ಇದೇನು ಹುಲ್ಲು?’ ಅಂದಳು. ಅನ್ನ ಅಂದ ಅಪ್ಪ. ಆಕಿ ನಂಬಲಿಲ್ಲ. ಅನ್ನ ಬೆಳ್ಳಗಿರತದ ಅಂದಳು.

ಮುದುಕ ಸೊಪ್ಪಿನ ರಸ ಮೂಗಿಗಿ ಹಿಂಡಿದ. ಆಮ್ಯಾಲ ಪಥ್ಯ ಹೇಳಿದ.

‘ಎಣ್ಣಿ ಬ್ಯಾಡ, ಖಾರ ಬ್ಯಾಡ, ರೊಟ್ಟಿ ಬ್ಯಾಡ. ತೊಗರಿ ಬ್ಯಾಳಿ ಬೇಯಿಸಿ ಕಟ್ಟು ಬಸದು ಕುಡಸ್ರಿ. ಎಷ್ಟು ಕುಡಿತದ ಅಷ್ಟು ಕುಡಸ್ರಿ. ಅದರ ಮ್ಯಾಲೇ ಮೈ ಹಿಡಿಬೇಕು.’

‘ಹಾಲು?’ ಅಂದ ಅಪ್ಪ.

‘ಹಾಲು ಕೊಟ್ರ ನನ್ ಕಡಿ ಬರಬ್ಯಾಡ್ರಿ. ಬ್ಯಾಳಿ ಕಟ್ಟು. ಮನ್ಯಾಗ ಬ್ಯಾಳಿ ಅದನೋ ಇಲ್ಲೋ?’

‘ಬೇಕಾದಷ್ಟು ಅದ ಅಜ್ಜಾ’ ಅಂದ ಅಪ್ಪ. ಹಂಗ ಹೇಳುವಾಗ ಅವನ ಮಾರಿ ಮ್ಯಾಲ ಸಮಾಧಾನ ಇತ್ತು. ಬಡವರಿಗಿ ಹೇಳೋ ಪಥ್ಯ ಮನ್ಯಾಗ ಇರೋದೇ ಅಪರೂಪ. ನಮ್ಮ ಮನ್ಯಾಗ ಇತ್ತು.

ಅಂದಿನಿಂದ ಬ್ಯಾಳಿ ದುರಗೀದು. ನಮಗ ಯಾರಿಗೂ ಇಲ್ಲ. ನಾವು ರೊಟ್ಟಿ ಜೋಡಿ ಹಿಂಡಿ ಖಾರ, ಮಜ್ಜಿಗಿ. ಅವ್ವ ಬ್ಯಾಳಿ ಬೇಯಿಸಿ ಕಟ್ಟು ಬಸಿಯಾಕಿ, ಅರಿವ್ಯಾಗ ಸೋಸಾಕಿ, ಉಪ್ಪು ಒಂದೀಟು ಹಾಕಿ ಬಟ್ಟಲದಾಗ ಹಿಡಿಯಾಕಿ. ಮುಂಜಾನಿ, ಮಧ್ಯಾನ, ಸಂಜಿಕ. ದುರಗಿ ಮಾರಿ ತಿರುವುತಿದ್ದಳು.

‘ಕಹಿ ಅದ ಅವ್ವಾ.’

‘ಕಾಮಣಿ ಬಂದವರ ಬಾಯಿಗಿ ಎಲ್ಲಾ ಕಹಿನೇ. ಕುಡಿ ನನ ಬಂಗಾರ.’

ಅದೂ ಖರೇನೇ. ಕಾಮಣಿ ಬಂದವರ ಬಾಯಿ ಕಹಿ ಇರತದ. ಎಲ್ಲಾದಕ್ಕೂ ಒಂದು ಉತ್ತರ ಇತ್ತು ನಮ್ಮ ಮನ್ಯಾಗ.

ನನಗ ಹೊಟ್ಟಿಕಿಚ್ಚು. ಬ್ಯಾಳಿ ಕಟ್ಟಿನ ವಾಸನಿ ಬಂದ್ರ ಬಾಯಾಗ ನೀರು ಬರುತಿತ್ತು. ಅವ್ವ ಹೊರಗ ಹೋದಾಗ ದುರಗಿ ಬಟ್ಟಲ ನನ್ನ ಕಡಿ ನೂಕಿ ‘ನೀ ಕುಡಿ ಅಕ್ಕಾ, ನಾ ಕುಡದೆ ಅಂತ ಹೇಳತೀನಿ’ ಅಂದಳು. ನಾ ಕೈ ಚಾಚಿದೆ. ಅವ್ವ ಬಂದುಬಿಟ್ಟಳು. ನನ್ನ ಕೈ ಮ್ಯಾಲ ಹೊಡದಳು.

‘ರೋಗದ ಕೂಸಿನ ಪಾಲು ತಿಂತೀಯೇನ?’

ತಾನೇ ಕುಂತು ಆ ಬಟ್ಟಲ ಪೂರ್ತಿ ದುರಗಿಗಿ ಕುಡಿಸಿದಳು. ಮೂಗು ಹಿಡದು ಕುಡಿಸಿದಳು.

ದುರಗಿ ಹೊಟ್ಟಿ ಉಬ್ಬಿತು, ಕಾಲು ಬಾತವು. ಮಾಳಗಿ ಹತ್ತಾಕ ಆಗಲಿಲ್ಲ, ಕಟಗಿ ಹಿಡಕೊಂಡು ಕಟ್ಟಿ ಮ್ಯಾಲ ಕುಂದರುತಿದ್ದಳು. ಗುಬ್ಬಿ ಬಂದ್ರ ಕಟಗಿ ಎತ್ತುತಿದ್ದಿಲ್ಲ. ಕಡೀಕ ನಮ್ಮನ್ನ ಗುರುತು ಹಿಡಿಯಲಿಲ್ಲ, ಏನೇನೋ ಒದರಿದಳು. ಅಪ್ಪ ದೇವದುರ್ಗದ ದವಾಖಾನಿಗಿ ಒಯ್ಯಾಕ ಬಂಡಿ ಕಟ್ಟಿದ. ಬಂಡಿ ಊರ ಅಗಸಿ ದಾಟಲಿಲ್ಲ. ತಿರುವಿಕೊಂಡು ಬಂದ. ನಡುಮಧ್ಯಾನ. ಹೊತ್ತು ಮುಳುಗೋದ್ರಾಗ ಮಣ್ಣು ಮಾಡಿದರು.

ಇಷ್ಟೇ ಆದದ್ದು. ಯಾಕ ಆತು ಅನ್ನೋದು ಬಹಳ ವರ್ಷ ನನಗ ಗೊತ್ತಿದ್ದಿಲ್ಲ. ಕಾಮಣಿಗಿ ಸತ್ತಳು, ಮುಗೀತು. ನಾ ಮದಿವಿ ಆಗಿ ರಾಯಚೂರಿಗಿ ಬಂದೆ. ಗಂಜಿನಾಗ, ಅಂದ್ರ ಕಾಳಿನ ಪ್ಯಾಟ್ಯಾಗ, ಕಾಳು ಹಸನ ಮಾಡೋ ಕೆಲಸ ಮಾಡಿದೆ. ಮುದುಕಿ ಆಗೋ ಹೊತ್ತಿಗಿ ಓಣ್ಯಾಗಿನ ಶಾಲಿ ಕಟ್ಟಿ ಮ್ಯಾಲ ನಾಕು ಅಕ್ಷರ ಕಲಿತೆ. ಅಲ್ಲೇ ಒಂದು ದಿನ ಬ್ಯಾಸಾಯ ಓದಿದ ಹುಡುಗಿ ಬಂದು ಕಾಳುಕಡಿ ಹೆಂಗ ಇಡಬೇಕು ಅಂತ ಹೇಳಿದಳು. ಬೂಜು ಬಂದ ಕಾಳು ತಿನಬ್ಯಾಡ್ರಿ, ದನಕ್ಕೂ ಹಾಕಬ್ಯಾಡ್ರಿ ಅಂದಳು.

‘ತೊಳದ್ರ ಹೋಗತದಲ್ಲ’ ಅಂದೆ ನಾ.

‘ಹೋಗಲ್ಲ ಅಜ್ಜಿ. ಕಾಣೋದು ಹೋಗತದ. ವಿಷ ಕಾಳಿನ ಒಳಗ ಇಳದಿರತದ.’

‘ಕುದಿಸಿದ್ರ?’

‘ಕುದಿಸಿದ್ರೂ ಉಳಿತದ.’

‘ಬಿಸಿಲಿಗಿ?’

‘ಬಿಸಿಲಿಗಿ ಬೂಜು ಸಾಯಬಹುದು. ವಿಷ ಹಂಗಾ ಇರತದ. ಪಿತ್ತಜನಕಾಂಗ ತಿಂತದ ಅಜ್ಜಿ, ಕಾಮಾಲಿ ಬಂದಂಗ ಆಗತದ. ಸಣ್ಣ ಮಕ್ಕಳಿಗಿ ಜಾಸ್ತಿ.’

ನಾ ದುರಗಿ ಸುದ್ದಿ ಹೇಳಿದೆ. ಬ್ಯಾಳಿ ಕಟ್ಟಿಂದೂ ಹೇಳಿದೆ. ಹುಡುಗಿ ‘ಅದೂ ಇರಬಹುದು. ಬರೇ ಕಾಮಾಲಿನೂ ಇರಬಹುದು. ಈಗ ಹೇಳಾಕ ಬರಲ್ಲ ಅಜ್ಜಿ’ ಅಂದಳು. ಒಳ್ಳೆ ಹುಡುಗಿ. ಗೊತ್ತಿಲ್ಲದ್ದನ್ನ ಗೊತ್ತದ ಅನಲಿಲ್ಲ. ಆದ್ರ ಕೋಳಿ ಸತ್ತದ್ದು ನನಗ ನೆನಪಿತ್ತು.

ಆಗ ನಮ್ಮವ್ವ ಬದುಕಿದ್ದಳು. ಕಣ್ಣು ಹೋಗಿದ್ದವು, ನನ್ನ ಹಂತೇಕ ಇದ್ದಳು. ದುರಗಿ ಮಾತು ಬಂದಾಗೆಲ್ಲಾ ಒಂದೇ ಮಾತು ಆಡುತಿದ್ದಳು: ‘ಪಥ್ಯದಾಗ ಮಾತ್ರ ನಾ ಒಂದು ಹೊತ್ತೂ ತಪ್ಪಿಸಲಿಲ್ಲ. ಕಡೀ ದಿನದ ತನಕ ಕಟ್ಟು ಕುಡಿಸಿದೆ.’ ಆಕಿಗಿ ಉಳಿದದ್ದು ಅದೊಂದೇ. ನಾ ಯಾರ ಮಾರಿ ಮ್ಯಾಲ ಏನು ಬೇಕಾದ್ರೂ ಅನ್ನಾಕಿ. ಅವತ್ತು ಶಾಲಿಯಿಂದ ಮನಿಗಿ ಬಂದೆ, ಅವ್ವ ‘ಏನ್ ಹೇಳಿದ್ರು?’ ಅಂತ ಕೇಳಿದಳು. ‘ಕಾಳು ಒಣಗಿಸಿ ಇಡ್ರಿ ಅಂದ್ರು’ ಅಂದೆ. ‘ಅದನ್ನ ಹೇಳಾಕ ರಾಯಚೂರಿನಿಂದ ಬರಬೇಕೇನು’ ಅಂತ ನಕ್ಕಳು. ನಾವು ರಾಯಚೂರಾಗೇ ಇದ್ದೀವಿ ಅನ್ನೋದು ಆಕಿಗಿ ಮರತು ಹೋಗಿತ್ತು. ಹಂಗಾ ಸತ್ತಳು. ಗೊತ್ತಾಗದೇ ಸತ್ತಳು.

ಈಗ ಬ್ಯಾಳಿ ಯಾರೂ ಮನ್ಯಾಗ ಮಾಡಂಗಿಲ್ಲ. ನಮ್ಮವ್ವನ ಬೀಸುಕಲ್ಲಿನ ಮ್ಯಾಲಿನ ಬಿಲ್ಲಿಕಲ್ಲು ನನ್ನ ಮಗಳ ಮನಿ ಬಾಗಿಲಾಗ ಕಾಲು ತೊಳಿಯಾಕ ಹಾಕ್ಯಾರ. ಕೆಮ್ಮಣ್ಣಿನ ವಾಸನಿ ಮೊಮ್ಮಕ್ಕಳಿಗಿ ಗೊತ್ತಿಲ್ಲ. ಹಸಿ ತೊಗರಿಕಾಯಿ ಹೊಲದಾಗ ಸುಟ್ಟು ತಿನ್ನೋದು ಗೊತ್ತಿಲ್ಲ. ಹೋದವು, ಹೋಗಲಿ. ಬೂಜು ಮಾತ್ರ ಹೋಗಿಲ್ಲ. ಮಳ್ಯಾಗ ನೆನದ ಚೀಲ ಗಂಜಿಗಿ ಈಗೂ ಬರತಾವ. ನಾ ಬಗ್ಗಿ ಮೂಸಿ ‘ಇದು ಒಗೀರಿ’ ಅಂತೀನಿ. ‘ನಿನ್ನ ಮೂಗಿಗಿ ವಯಸ್ಸಾಗ್ಯದ ಬೇ ಮುದುಕಿ’ ಅಂತ ನಗತಾರ. ಚೊಲೋದ್ರಾಗ ಕೂಡಸ್ತಾರ. ಮೊದಲು ಕೆಟ್ಟದ್ದು ಯಾರ ಮನಿಗಿ ಹೋತು ಅಂತ ಗೊತ್ತಾಗುತಿತ್ತು. ಈಗ ಎಲ್ಲಾರ ಮನಿಗೂ ಒಂದೀಟು ಒಂದೀಟು ಹೋಗತದ. ಮನ್ನೆ ನನ್ನ ಮಗಳು ಬೂಜು ಹಿಡದ ಅಲಸಂದಿ ತೊಳಿಯಾಕತ್ತಿದ್ದಳು. ಬ್ಯಾಡ ಅಂದೆ. ‘ಕುದಿಸಿದ್ರ ಎಲ್ಲಾ ಹೋಗತದ ಯವ್ವಾ’ ಅಂದಳು. ದುರಗಿ ಕತಿ ಆಕಿಗಿ ಹತ್ತು ಸಲ ಹೇಳೀನಿ. ಕತಿ ಕೇಳಿದಂಗ ಕೇಳತಾಳ.

ದುರಗಿನ್ನ ಮಣ್ಣು ಮಾಡಿದ ಮರುದಿನ ಆಕಾಶ ತಿಳಿ ಆಗಿತ್ತು. ಬಿಸಿಲು ಚುರ್ ಅಂತಿತ್ತು. ಮೂರನೇ ದಿನಕ್ಕ ಬೀಗರು ನೆಂಟರು ಬರತಾರ, ಅಡಗಿಗಿ ಬ್ಯಾಳಿ ಬೇಕಾಗತದ ಅಂದಳು ಆಯಿ. ಅವ್ವ ಗ್ವಾಡಿಗಿ ಆನಕೊಂಡು ಕುಂತಿದ್ದಳು, ಏಳಲಿಲ್ಲ. ಉಳಿದ ಅದೇ ತೊಗರಿ ಬುಟ್ಟ್ಯಾಗ ತುಂಬಿ ನಾನೇ ಮಾಳಗಿ ಮ್ಯಾಲ ಒಯ್ದೆ. ತೆಳ್ಳಗ ಹರವಿದೆ. ಕಟ್ಟಿ ಮ್ಯಾಲ ಬಿದ್ದಿದ್ದ ದುರಗಿ ಕಟಗಿ ತಗೊಂಡು ಬಂದು ಕುಂತೆ. ಗುಬ್ಬಿ ಬಂದವು. ಒಂದು ಕಾಳೂ ಮುಟ್ಟಗೊಡಲಿಲ್ಲ.